ಯಲಹಂಕದ ಅಜ್ಜಿಯ ಸಾರಿನ ಪುಡಿ

ಮುನಿಕೃಷ್ಣಮ್ಮನಿಗೆ ಅನುಮಾನ ಹುಟ್ಟಿದ್ದು ಗಂಡನ ಟವೆಲು ಒಗೆಯುವಾಗ. ಕೋಗಿಲು ಕೆರೆಯ ಕಲ್ಲಿನ ಮೇಲೆ ಕುಕ್ಕಲೆಂದು ಎತ್ತಿದ ಟವೆಲನ್ನು ಅರ್ಧಕ್ಕೇ ನಿಲ್ಲಿಸಿ ಮೂಗಿಗೆ ಹಿಡಿದಳು. ಇಂಗು. ಇನ್ನೊಮ್ಮೆ ಮೂಸಿದಳು. ಇಂಗೇ, ಅನುಮಾನವಿಲ್ಲ.

ಅವಳ ಮನೆಯಲ್ಲಿ ಇಂಗಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಮನೆ ಅದು. ತವರುಮನೆ ಹುಣಸಮಾರನಹಳ್ಳಿಯಲ್ಲಿ ಕೂಡ ಕೂಸಿಗೆ ಹೊಟ್ಟೆ ಉಬ್ಬರಿಸಿದಾಗ ಹೊಕ್ಕುಳ ಸುತ್ತ ಹಚ್ಚಲು ಒಂದು ಚೂರು ಇಂಗನ್ನು ಯಾರದೋ ಮನೆಯಿಂದ ಕೇಳಿ ತರುತ್ತಿದ್ದರು, ಅಷ್ಟೆ. ಗಂಡ ಬೈರಣ್ಣ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸುವವರ ಮೇಸ್ತ್ರಿ. ಅಂಥವನ ಟವೆಲಿನಲ್ಲಿ ಗೋಣಿಯ ಧೂಳು, ಬೆವರು, ಬೀಡಿಯ ವಾಸನೆ ಇರಬೇಕು. ಇಂಗಿನ ವಾಸನೆ ಬರಬೇಕಾದರೆ ಒಲೆಯ ಹತ್ತಿರ ಕೂತಿರಬೇಕು. ಒಲೆ ಎಂದ ಮೇಲೆ ಅದನ್ನು ಹಚ್ಚಿದ ಒಬ್ಬಳು ಇದ್ದೇ ಇರಬೇಕು. ಮೂವತ್ತು ವರ್ಷದ ಬಾಳಿನಲ್ಲಿ ಹೆಂಗಸಿಲ್ಲದ ಒಲೆಯನ್ನು ಅವಳು ಕಂಡಿರಲಿಲ್ಲ.

ಟವೆಲನ್ನು ಆವತ್ತು ಎರಡು ಸಲ ಒಗೆದಳು.

ಅನುಮಾನ ಬಂದ ಮೇಲೆ ಹಳೆಯದೆಲ್ಲ ಒಂದೊಂದಾಗಿ ಬಂದು ಪಕ್ಕದಲ್ಲಿ ಕೂತವು. ಯುಗಾದಿ ಕಳೆದ ಮೇಲೆ ಬೈರಣ್ಣ ಬುತ್ತಿ ಬೇಡವೆಂದಿದ್ದ. "ಮುದ್ದೆ ಮಧ್ಯಾಹ್ನದೊತ್ತಿಗೆ ಕಲ್ಲಾಯ್ತದೆ ಕಣಮ್ಮಿ, ಅಲ್ಲೇ ಎಂಗೋ ಆಯ್ತದೆ ಬುಡು" ಎಂದು ನಕ್ಕಿದ್ದ. ಬೆಳಿಗ್ಗೆ ನಾಲ್ಕಕ್ಕೆ ಏಳುವುದು ತಪ್ಪಿತಲ್ಲ ಎಂದು ಅವಳಿಗೂ ಸಮಾಧಾನವಾಗಿತ್ತು. ಈಗ ಆ ಸಮಾಧಾನವೇ ಚುಚ್ಚಿತು. ಎಂಗೋ ಎಂದರೆ ಹೆಂಗೆ? ಯಾರು ಬಡಿಸುತ್ತಾರೆ? ಸಂಜೆಯ ರೈಲಿಗೆ ಬಂದವನು ತಟ್ಟೆಯ ಮುಂದೆ ಕೂತರೆ ಮುದ್ದೆಯನ್ನು ಎರಡು ತುತ್ತು ಮುರಿದು ಪಕ್ಕಕ್ಕೆ ಸರಿಸುತ್ತಿದ್ದ. ಕೆನ್ನೆ ತುಂಬಿಕೊಂಡಿತ್ತು. ಒಮ್ಮೆ ಬಾಯಿತಪ್ಪಿ, "ತಿಳಿಸಾರಿಗೆ ಒಂದ್ ತೊಟ್ಟು ತುಪ್ಪ ಬಿದ್ರೆ ಅದರ ಗಮ್ಮತ್ತೇ ಬೇರೆ" ಎಂದುಬಿಟ್ಟಿದ್ದ. ಕಾಸಿದ ತುಪ್ಪವನ್ನೆಲ್ಲ ಸಂತೆಯಲ್ಲಿ ಮಾರುವ ತಮ್ಮ ಮನೆಯಲ್ಲಿ ತುಪ್ಪ ತಿಂದ ಗಂಡಸು ಯಾರು?

ಎಲ್ಲಕ್ಕಿಂತ ದೊಡ್ಡ ಮುಳ್ಳು ಸಾರಿನ ಪುಡಿಯದು.

ಹೆಬ್ಬಾಳದಲ್ಲಿ ಬೈರಣ್ಣನ ಅಕ್ಕ ಸುಬ್ಬಮ್ಮ ಇದ್ದಳು. ಗಂಡ ಸತ್ತವಳು, ಇಬ್ಬರು ಮಕ್ಕಳ ಜೊತೆ ತುಂಡು ಜಮೀನಿನಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದಳು. "ಅಕ್ಕನ ಕೈಗೆ ವಾಯು ಹಿಡಿದದೆ, ಒನಕೆ ಎತ್ತಾಕಾಗಲ್ಲ. ನೀನೇ ಪುಡಿ ಕುಟ್ಟಿಕೊಡು, ಸಾಮಾನು ಅವಳೇ ಕೊಟ್ಟು ಕಳಿಸ್ತಾಳೆ" ಎಂದು ಬೈರಣ್ಣ ಹೇಳಿದಾಗ ಮುನಿಕೃಷ್ಣಮ್ಮ ಎರಡನೇ ಮಾತಾಡಲಿಲ್ಲ. ಮೊದಲ ತಿಂಗಳು ಒಂದು ಸೇರು ಪುಡಿ. ಆಮೇಲೆ ಎರಡು. ಆಷಾಢದ ಹೊತ್ತಿಗೆ ನಾಲ್ಕು.

ನಾಲ್ಕು ಸೇರು ಪುಡಿ ಎಂದರೆ ಏನೆಂದು ತಿಂದವರಿಗೆ ಗೊತ್ತಿರುವುದಿಲ್ಲ. ಮೆಣಸಿನಕಾಯಿಯ ತೊಟ್ಟು ಮುರಿಯುವುದಕ್ಕೇ ಒಂದು ಮಧ್ಯಾಹ್ನ. ಧನಿಯದಲ್ಲಿ ಕಡ್ಡಿ, ಕಲ್ಲು, ಇಲಿಯ ಹಿಕ್ಕೆ ಆರಿಸಬೇಕು. ಎಲ್ಲವನ್ನೂ ಬೇರೆ ಬೇರೆ ಹುರಿಯಬೇಕು. ಒಂದರ ಹದ ಇನ್ನೊಂದಕ್ಕಿಲ್ಲ. ಆಮೇಲೆ ಒರಳಿನ ಮುಂದೆ ನಿಂತು ಕುಟ್ಟುವುದು, ಜರಡಿ ಹಿಡಿಯುವುದು, ನುಚ್ಚನ್ನು ಮತ್ತೆ ಕುಟ್ಟುವುದು. ಘಾಟಿಗೆ ಕಣ್ಣು ಮೂಗು ಹರಿಯುತ್ತವೆ. ಅದು ಹೇಗೂ ಆಗಲಿ ಎನ್ನಬಹುದು. ಅಂಗೈ ಉರಿಯುತ್ತದಲ್ಲ, ಅದು ಎರಡು ದಿನ ಬಿಡುವುದಿಲ್ಲ. ಮಜ್ಜಿಗೆಯಲ್ಲಿ ಅದ್ದಿದರೂ ಬಿಡುವುದಿಲ್ಲ. ಎಂಟು ತಿಂಗಳ ಕೂಸನ್ನು ಆ ಕೈಯಲ್ಲಿ ತೊಳೆಯುವಂತಿಲ್ಲ, ಕೂಸಿನ ಕಣ್ಣೊರೆಸುವಂತಿಲ್ಲ, ಹಾಲು ಕೊಡುವಾಗ ಸೆರಗನ್ನು ಮೊಣಕೈಯಲ್ಲೇ ಸರಿಸಿಕೊಳ್ಳಬೇಕು. ಆ ಎರಡು ದಿನ ಹತ್ತು ವರ್ಷದ ದೊಡ್ಡ ಮಗಳು ಸ್ಕೂಲಿಗೆ ಹೋಗದೆ ಕೂಸನ್ನು ನೋಡಿಕೊಳ್ಳಬೇಕು.

ಮೂರು ಬಾಯಿ ಇರುವ ಮನೆ ತಿಂಗಳಿಗೆ ನಾಲ್ಕು ಸೇರು ಪುಡಿ ತಿನ್ನುತ್ತದೆಯೆ? ಸೊಪ್ಪು ಮಾರುವ ಸುಬ್ಬಮ್ಮನಿಗೆ ಅಂಥ ಬ್ಯಾಡಗಿ ಮೆಣಸಿನಕಾಯಿ ಎಲ್ಲಿಂದ ಬಂತು? ಸಂತೆಯಲ್ಲಿ ಮುಟ್ಟಿ ನೋಡಿ ಹಿಂದಕ್ಕಿಡುವ ಮಾಲು ಅದು, ಮುದುರಿದರೆ ಚರ್ಮದ ಹಾಗೆ ಬಾಗುತ್ತಿತ್ತು.

ಪಕ್ಕದ ಮನೆಯ ಕುಲ್ಸುಮಳಿಗೆ ಮಾತ್ರ ಇದನ್ನು ಹೇಳಿದಳು. ಕುಲ್ಸುಮಳ ಗಂಡ ಅಕ್ಬರ್ ಪಾಷಾ ಯಲಹಂಕ ಸ್ಟೇಷನ್ನಿನಲ್ಲಿ ಜಟಕಾ ಓಡಿಸುತ್ತಿದ್ದ. ಹಿತ್ತಲ ಮೋಟುಗೋಡೆಯ ಆಚೆ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದ ಕುಲ್ಸುಮ್ ಕೈ ನಿಲ್ಲಿಸಿ ಕೇಳಿದಳು.

"ಇಂಗಾ? ಮತ್ತೆ ತುಪ್ಪಾನಾ? ಅರೆ ಕಿಟ್ಟಮ್ಮ, ಚೆನ್ನಾಗಿರೋ ಮನೇನೇ ಹಿಡ್ದಿದಾನೆ ನಿನ್ ಗಂಡ."

"ನಗಬೇಡ ಕಣೆ. ನನ್ ಒಟ್ಟೆ ಉರೀತದೆ."

"ನಗ್ತಾ ಇಲ್ಲಮ್ಮ. ಆ ಪುಡಿ ಎಲ್ಲಿಗೆ ಹೋಗ್ತದೆ ಅಂತ ನೋಡು ಮೊದ್ಲು. ಪುಡಿ ಎಲ್ಲೋ, ಗಂಡ ಅಲ್ಲೇ."

ಆ ಮಾತು ಅವಳ ತಲೆಯೊಳಗೆ ಹೊಕ್ಕು ಕೂತಿತು. ಗಂಡ ಇನ್ನೊಬ್ಬಳ ಮನೆಗೆ ಹೋಗುವುದು ಒಂದು. ಆ ಇನ್ನೊಬ್ಬಳ ಸಾರಿಗೆ ತಾನು ಕೈ ಉರಿಸಿಕೊಂಡು ಪುಡಿ ಕುಟ್ಟುವುದು? ಅವನು ನಾಳೆ ಆ ಮನೆಯಲ್ಲೇ ಉಳಿದುಬಿಟ್ಟರೆ ಮೂರು ಮಕ್ಕಳನ್ನು ಕಟ್ಟಿಕೊಂಡು ಅವಳು ಹೋಗಬೇಕಾದದ್ದು ಹುಣಸಮಾರನಹಳ್ಳಿಗೆ. ಅಲ್ಲಿ ಅಣ್ಣನ ಹೆಂಡತಿಯ ಕೊಟ್ಟಿಗೆಯ ಮೂಲೆ, ಅದೂ ಕೊಟ್ಟರೆ.

ಶ್ರಾವಣದಲ್ಲೊಂದು ದಿನ ಸುಬ್ಬಮ್ಮನೇ ಬಂದಳು. ಯಲಹಂಕದ ಸಂತೆಗೆ ಬಂದವಳು ಕಾಲು ನೋಯುತ್ತದೆಂದು ಸ್ವಲ್ಪ ಕೂತುಹೋಗಲು ಮನೆಗೆ ಬಂದಿದ್ದಳು. ಬೈರಣ್ಣ ಕೆಲಸಕ್ಕೆ ಹೋಗಿದ್ದ. ಮುನಿಕೃಷ್ಣಮ್ಮ ಮುದ್ದೆ ಕಟ್ಟಿ, ಸಾರು ಬಿಟ್ಟು, ಎದುರಿಗೆ ಕೂತು ಅವಳ ಕೈಯನ್ನೇ ನೋಡಿದಳು. ವಾಯು ಹಿಡಿದ ಕೈ ಮುದ್ದೆಯನ್ನು ಚೆನ್ನಾಗಿಯೇ ಮುರಿಯುತ್ತಿತ್ತು.

"ಎಷ್ಟ್ ವರ್ಷ ಆಯ್ತೇ ಕಿಟ್ಟಮ್ಮ, ನಿನ್ ಕೈ ಸಾರು ತಿಂದು!" ಎಂದಳು ಸುಬ್ಬಮ್ಮ, ಬೆರಳು ನೆಕ್ಕುತ್ತ. "ನನ್ ಪುಡಿ ಇಂಗೆ ಬರಾದೇ ಇಲ್ಲ. ಒಂದ್ ಪಾವು ಕಟ್ಟಿಕೊಡೆ, ಓಗ್ತಾ ತಗೊಂಡೋಗ್ತೀನಿ."

ಮುನಿಕೃಷ್ಣಮ್ಮನಿಗೆ ಕಿವಿಯೊಳಗೆ ಒನಕೆ ಬಿದ್ದಂತಾಯಿತು. ಆದರೂ ಎದ್ದು ಹೋಗಿ, ಮಡಕೆಯಲ್ಲಿದ್ದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟಳು. ಗಂಡನಿಗೆ ಸುಬ್ಬಮ್ಮ ಬಂದದ್ದನ್ನು ಹೇಳಲಿಲ್ಲ.

ಮುಂದಿನ ಪುಡಿ ಕುಟ್ಟುವ ದಿನ ಇನ್ನೊಂದು ಅನಾಹುತವಾಯಿತು. ಮೆಂತ್ಯ ಬಾಣಲೆಯಲ್ಲಿರುವಾಗ ಕರು ಹಗ್ಗ ಕಿತ್ತುಕೊಂಡು ಪಕ್ಕದವರ ರಾಗಿ ಪೈರಿಗೆ ನುಗ್ಗಿತು. ಅದನ್ನು ಎಳೆದು ತಂದು ಕಟ್ಟುವ ಹೊತ್ತಿಗೆ ಮೆಂತ್ಯ ಕರ್ರಗಾಗಿತ್ತು. ಬೇರೆ ದಿನವಾಗಿದ್ದರೆ ತಿಪ್ಪೆಗೆ ಎಸೆದು ಹೊಸದು ಹುರಿಯುತ್ತಿದ್ದಳು. ಮೆಂತ್ಯ ಸೀದರೆ ಎಷ್ಟು ಬೆಲ್ಲ ಹಾಕಿದರೂ ಸಾರಿನ ಕಹಿ ಹೋಗುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ಬಾಣಲೆಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ತಿನ್ಲಿ, ಅವಳೂ ತಿನ್ಲಿ, ಅವನೂ ತಿನ್ಲಿ" ಎಂದುಕೊಂಡು ಅಷ್ಟನ್ನೂ ಒರಳಿಗೆ ಸುರಿದಳು. ಆದರೆ ಕೊನೆಯಲ್ಲಿ ಹಾಕುವ ಒಂದು ಹಿಡಿ ಹುರಿದ ಹುರುಳಿಯನ್ನು ಮಾತ್ರ ಮರೆಯಲಿಲ್ಲ. ಅದು ಅವಳ ಅವ್ವ ಕಲಿಸಿದ್ದು. ಎತ್ತಿಗೆ ಬೇಯಿಸುವ ಹುರುಳಿಯನ್ನು ಕೆಂಪಗೆ ಹುರಿದು ಹಾಕಿದರೆ ಸಾರಿಗೆ ಮೈ ಬರುತ್ತದೆ ಎನ್ನುತ್ತಿದ್ದಳು. ಕೋಪದಲ್ಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ.

ಬೈರಣ್ಣ ಡಬ್ಬ ಹೊತ್ತುಕೊಂಡು ಹೋದ ನಾಲ್ಕನೇ ದಿನ ಅವಳು ಕುಲ್ಸುಮಳಿಗೆ ಗೋಡೆಯಾಚೆಯಿಂದ ಹೇಳಿದಳು: "ನಿನ್ ತಂಗಿ ನಜ್ಮುನ್ನೀಸಾನ ನೋಡಾಕೆ ಯಶವಂತಪುರಕ್ಕೆ ಓಗ್ತೀನಿ ಅಂತಿದ್ಯಲ್ಲ. ನಾಳೆ ಓಗಾನ. ನಾನೂ ಬತ್ತೀನಿ."

ಕುಲ್ಸುಮ್ ಹೂಂ ಎಂದಳು. ಮೊಟ್ಟೆ ಮಾರಿದ ದುಡ್ಡನ್ನು ಗಂಟು ಕಟ್ಟಿಕೊಂಡು ತಯಾರಾದಳು.

ಬೈರಣ್ಣ ಹೋದ ಮೇಲೆ ಮುಂದಿನ ರೈಲಿಗೆ ಹೊರಟರು. ಮನೆಯಲ್ಲಿ ಕೂಸು ದೊಡ್ಡ ಮಗಳ ಸೊಂಟದಲ್ಲಿತ್ತು, ಮಧ್ಯಾಹ್ನಕ್ಕೆ ರಾಗಿ ಸರಿ ಕಾಸಿಟ್ಟಾಗಿತ್ತು. ಯಶವಂತಪುರದಲ್ಲಿ ಇಳಿದು ಗೂಡ್ಸ್ ಶೆಡ್ಡಿನ ಎದುರಿಗೆ, ಒಂದು ಹುಣಸೆ ಮರದ ಹಿಂದೆ ನಿಂತರು. ಊಟದ ಗಂಟೆ ಹೊಡೆಯಿತು. ಹಮಾಲರು ಅಲ್ಲಲ್ಲೇ ಬುತ್ತಿ ಬಿಚ್ಚಿದರು. ಬೈರಣ್ಣ ಮಾತ್ರ ನಲ್ಲಿಯಲ್ಲಿ ಮುಖ ತೊಳೆದು, ತಲೆ ಬಾಚಿ, ಟವೆಲು ಒದರಿ ಹೆಗಲಿಗೆ ಹಾಕಿಕೊಂಡು ಹೊರಟ.

"ತಲೆ ಬಾಚ್ದ" ಎಂದಳು ಮುನಿಕೃಷ್ಣಮ್ಮ.

"ನೋಡ್ದೆ" ಎಂದಳು ಕುಲ್ಸುಮ್.

ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ಅವನು ಹೊಕ್ಕಿದ್ದು ಮನೆಯನ್ನಲ್ಲ, ಹಂಚಿನ ಮಾಡಿನ ಒಂದು ಹೋಟೆಲನ್ನು. ಬಾಗಿಲ ಮೇಲೆ ಹಲಗೆ ತೂಗುಬಿಟ್ಟಿತ್ತು. ಚನ್ನಕೇಶವ ಭಟ್ಟರ ಬ್ರಾಹ್ಮಣರ ಊಟ ಉಪಾಹಾರ ಮಂದಿರ ಎಂದು ಅದರ ಮೇಲೆ ಬರೆದಿತ್ತು. ಅವರಿಬ್ಬರಿಗೂ ಓದಲು ಬರುತ್ತಿರಲಿಲ್ಲ.

"ಓಟ್ಲು ಕಣೆ."

"ಹೋಟ್ಲೇ. ಆದ್ರೆ ಹಿತ್ಲು ಬಾಗ್ಲು ಇರಲ್ವಾ? ಇಲ್ಲಿ ಹೋಗಿ ಅಲ್ಲಿ ಹೊರಟ್ರೆ?"

ಅದೂ ನಿಜ. ಒಳಗೆ ಹೋಗದೆ ಗೊತ್ತಾಗುವ ಹಾಗಿರಲಿಲ್ಲ. ಮುನಿಕೃಷ್ಣಮ್ಮ ಹುಟ್ಟಿದಾಗಿನಿಂದ ಹೋಟೆಲಿನ ಹೊಸಿಲು ತುಳಿದವಳಲ್ಲ. ಹೋಟೆಲೆಂದರೆ ಗಂಡಸರ ಜಾಗ. ಅಲ್ಲಿಗೆ ಹೋಗುವ ಹೆಂಗಸಿನ ಬಗ್ಗೆ ಊರಿನಲ್ಲಿ ಏನೆಲ್ಲ ಆಡಿಕೊಳ್ಳುತ್ತಾರೆಂದು ಅವಳಿಗೆ ಗೊತ್ತು. ಕುಲ್ಸುಮ್ ಬುರ್ಖಾ ಸರಿಮಾಡಿಕೊಳ್ಳುತ್ತ ಹಿಂಜರಿದಳು. "ನನ್ನ ಬಿಡ್ತಾರಾ ಒಳಗೆ? ಹಲಗೇಲಿ ಏನು ಬರ್ದಿದಾರೋ."

"ನಮಗ್ ಓದಾಕ್ ಬರಲ್ಲ. ನಡಿ."

ಗಲ್ಲಾದ ಮೇಲೆ ಹಣೆಗೆ ಗಂಧ ಇಟ್ಟುಕೊಂಡಿದ್ದ ಭಟ್ಟರು ಯಾರಿಗೋ ಚಿಲ್ಲರೆ ಕೊಡುತ್ತಿದ್ದರು. ಬಡಿಸುವವನೊಬ್ಬ, ನರೆತ ಮೀಸೆಯವನು, ಇವರನ್ನು ಮೇಲಿಂದ ಕೆಳಗೆ ನೋಡಿದ.

"ಇಬ್ಬರೇನಾ? ಗಂಡಸರು ಯಾರೂ ಇಲ್ವಾ ಜೊತೇಲಿ?"

"ಗಂಡಸರು ಬತ್ತಾವ್ರೆ" ಎಂದಳು ಮುನಿಕೃಷ್ಣಮ್ಮ. ಒಂದು ಲೆಕ್ಕದಲ್ಲಿ ಅದು ಸುಳ್ಳಲ್ಲ.

ಅವನು ಇನ್ನೂ ಅನುಮಾನದಿಂದಲೇ ಪಕ್ಕದ ಕೋಣೆ ತೋರಿಸಿದ. ಹಲಗೆಯ ತಡಿಕೆ ಕಟ್ಟಿ, ಬಾಗಿಲಿಗೆ ನೀಲಿ ಪರದೆ ಬಿಟ್ಟಿದ್ದ ಹೆಂಗಸರ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ. ಪರದೆಯ ಅಂಚಿನಿಂದ ನೋಡಿದರೆ ಗಂಡಸರು ಉಣ್ಣುವ ಹಜಾರ ಅರ್ಧ ಕಾಣುತ್ತಿತ್ತು. ಬೈರಣ್ಣ ಹಿತ್ತಲ ಬಾಗಿಲಿಂದ ಎಲ್ಲಿಗೂ ಹೋಗಿರಲಿಲ್ಲ. ಪರದೆಯಿಂದ ಎರಡು ಮಾರು ದೂರದ ಮೂಲೆಯಲ್ಲಿ ಎಲೆಯ ಮುಂದೆ ಕೂತಿದ್ದ. ಪಕ್ಕದಲ್ಲಿ ಹೆಂಗಸಿರಲಿಲ್ಲ. ಎದುರಿಗೂ ಇರಲಿಲ್ಲ.

ಮುನಿಕೃಷ್ಣಮ್ಮ ಉಸಿರು ಬಿಟ್ಟಳು. ಆದರೆ ಪೂರ್ತಿ ಬಿಡಲಿಲ್ಲ. ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಯಾರಿರಬಹುದು?

ಇವರಿಗೂ ಎಲೆ ಬಿತ್ತು. ಪಲ್ಯ, ಕೋಸಂಬರಿ, ಅನ್ನ. "ಒಳಗೆ ಅಡುಗೆ ಯಾರು ಮಾಡೋದಣ್ಣ? ಎಂಗಸ್ರಾ?" ಎಂದು ಬಡಿಸುವವನನ್ನು ಕೇಳಿದಳು.

"ಹೆಂಗಸರೆಲ್ಲಿ ತಾಯಿ ಇಲ್ಲಿ? ಮೂರು ಜನ ಗಂಡಸರು."

ಅವನು ಹೋದ ಮೇಲೆ ಕುಲ್ಸುಮ್ ಪಿಸುಗುಟ್ಟಿದಳು. "ಗಂಡಸರು ಒಲೆ ಮುಂದೆ ಕೂತ್ಕೋತಾರಾ?"

"ಸಂಬಳ ಕೊಟ್ರೆ ಕೂತ್ಕತಾರೆ."

ಅನ್ನದ ಮೇಲೆ ಸಾರು ಬಿತ್ತು. ಇಂಗಿನ ಒಗ್ಗರಣೆ, ಮೇಲೊಂದು ತೊಟ್ಟು ತುಪ್ಪ. ಟವೆಲಿನ ವಾಸನೆ ಇದೇ. ಮುನಿಕೃಷ್ಣಮ್ಮ ಕಲಸಿ ಬಾಯಿಗಿಟ್ಟಳು. ಇಂಗು ಮೊದಲು ಬಂತು, ಹುಳಿ ಆಮೇಲೆ. ಅದರ ಹಿಂದಿನಿಂದ, ನಾಲಗೆಯ ಬುಡದಲ್ಲಿ, ಸೀದ ಮೆಂತ್ಯ.

ಇನ್ನೊಂದು ತುತ್ತು ತಿಂದಳು. ಸೀದ ಮೆಂತ್ಯ, ಅದರ ಕೆಳಗೆ ಕೆಂಪಗೆ ಹುರಿದ ಹುರುಳಿ. ಕಣ್ಣು ಕಟ್ಟಿ ಕೂರಿಸಿದರೂ ತಪ್ಪಾಗುವ ಹಾಗಿರಲಿಲ್ಲ.

"ಕುಲ್ಸುಮ್, ಇದು ನನ್ ಪುಡಿ. ನಾನ್ ಹಾಕೋ ಹುರುಳಿ ಅದೆ ಇದ್ರಲ್ಲಿ."

ಅಷ್ಟರಲ್ಲಿ ಹಜಾರದಿಂದ ಒಂದು ದಪ್ಪ ದನಿ ಕೇಳಿತು. "ಏನ್ ಭಟ್ರೇ, ಮೂರು ದಿನದಿಂದ ನೋಡ್ತಿದೀನಿ, ಸಾರು ಕಹಿ ಹೊಡೀತಿದೆಯಲ್ರೀ? ಈ ಸಾರಿಗೋಸ್ಕರ ನಾನು ಮಲ್ಲೇಶ್ವರದಿಂದ ಬರೋದು."

"ಹೌದು ರಾಯರೆ, ಎಲ್ಲರೂ ಅದೇ ಹೇಳ್ತಿದಾರೆ" ಎಂದರು ಭಟ್ಟರು. ಗಲ್ಲಾ ಬಿಟ್ಟು ಮೂಲೆಯ ಎಲೆಯ ಹತ್ತಿರ ಬಂದರು. "ಏನಯ್ಯಾ ಬೈರಣ್ಣ, ಅಜ್ಜಿಗೆ ಮೈ ಹುಷಾರಿಲ್ವಾ?"

ಪರದೆಯ ಹಿಂದೆ ಮುನಿಕೃಷ್ಣಮ್ಮನ ಕೈ ಎಲೆಯ ಮೇಲೇ ನಿಂತಿತು. ಯಾವ ಅಜ್ಜಿ?

"ವಯಸ್ಸಾಯ್ತಲ್ಲ ಸ್ವಾಮಿ" ಎಂದ ಬೈರಣ್ಣ, ಬಾಯೊಳಗಿನ ತುತ್ತು ನುಂಗುತ್ತ. "ಎಪ್ಪತ್ತು ದಾಟೈತೆ. ಕಣ್ಣು ಮಂಜು. ಆದ್ರೂ ಮಡಿ ಬುಡಲ್ಲ. ಬೆಳಕರಿಯೋಕೆ ಮುಂಚೆ ತಣ್ಣೀರು ಉಯ್ಕಂಡು, ಒದ್ದೆ ಸೀರೆಯಲ್ಲೇ ನಿಂತ್ಕಂಡು ಕುಟ್ಟಾದು. ನನ್ನ ಬಾಗಿಲೊಳೀಕೆ ಬುಡಲ್ಲ. ಡಬ್ಬ ಒಸಲಿನ ಮೇಲಿಟ್ಟು ಆಚೆ ಸರೀತಾರೆ."

"ಪುಣ್ಯಾತ್ಗಿತ್ತಿ" ಎಂದರು ಭಟ್ಟರು. "ಇಂಥ ಮಡಿ ಹೆಂಗಸರು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ?"

"ಯಲಹಂಕದ ಅಜ್ಜಿ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣ್ರೀ" ಎಂದಿತು ದಪ್ಪ ದನಿ. "ಅದೇನೋ ಒಂದು ಕಮ್ಮನೆ ವಾಸನೆ ಇದೆಯಲ್ಲ, ನನ್ನ ಹೆಂಡತಿಗೆ ನಾಲ್ಕು ತಿಂಗಳಿಂದ ಹೇಳ್ತಿದೀನಿ. ಏನು ಮಾಡಿದ್ರೂ ಬರ್ತಿಲ್ಲ ಅವಳಿಗೆ. ಅವಳ ಸಾರು ಬಾಯಿಗಿಡೋಕಾಗಲ್ಲ. ಜಾಪತ್ರೆ ಇರ್ಬೇಕು ಅಂತೀನಿ ನಾನು."

"ಜಾಪತ್ರೆ ಅಲ್ಲ ರಾಯರೆ, ಕಲ್ಲುಹೂವು" ಎಂದ ಇನ್ನೊಬ್ಬ.

"ಅಜ್ಜಿ ಗುಟ್ಟು ಬುಡಲ್ಲ ಸ್ವಾಮಿ. ನಂಗೂ ಏಳಿಲ್ಲ" ಎಂದ ಬೈರಣ್ಣ. ಎಲ್ಲರೂ ನಕ್ಕರು.

ಎತ್ತಿನ ಹುರುಳಿ ಕಣ್ರಪ್ಪೋ ಎಂದು ಕೂಗಿ ಹೇಳುವಷ್ಟು ನಗು ಮುನಿಕೃಷ್ಣಮ್ಮನಿಗೆ ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಮರುಗಳಿಗೆಗೇ ರಾಯರ ಹೆಂಡತಿಯ ನೆನಪಾಯಿತು. ಮಲ್ಲೇಶ್ವರದ ಯಾವುದೋ ಮನೆಯಲ್ಲಿ ಯಾವಳೋ ಒಬ್ಬಳು ನಾಲ್ಕು ತಿಂಗಳಿಂದ ಜಾಪತ್ರೆ ಹುರಿಯುತ್ತ ಗಂಡನಿಂದ ಬೈಸಿಕೊಳ್ಳುತ್ತಿದ್ದಾಳೆ. ತನ್ನ ಪುಡಿಯಿಂದಾಗಿ.

ಬಡಿಸುವವನು ಮತ್ತೆ ಬಂದ. ಅವನನ್ನು ಮೆಲ್ಲಗೆ ಕೇಳಿದಳು, ಆ ಮೂಲೆಯವರು ಯಾರೆಂದು.

"ಅವರಾ? ಬೈರಣ್ಣ. ಆ ಎಲೆ ದಿನಾ ಅವರದೇ. ನಮ್ಮ ಸಾಮಾನು ಒಯ್ದು ಪುಡಿ ಮಾಡಿಸಿ ತಂದುಕೊಡ್ತಾರಲ್ಲ, ಅದಕ್ಕೆ ಮಧ್ಯಾಹ್ನದ ಊಟ ಪುಗಸಟ್ಟೆ. ಅಜ್ಜಿ ಏನೂ ತಗೊಳಲ್ವಂತೆ, ಧರ್ಮಕ್ಕೆ ಕುಟ್ಟಿಕೊಡ್ತಾರಂತೆ. ಸಾರು ಹಾಕ್ಲಾ ತಾಯಿ?"

ಅವನು ಸೌಟು ಹಿಡಿದು ನಿಂತಿದ್ದ. ಮದುವೆಯಾದ ಹದಿಮೂರು ವರ್ಷದಲ್ಲಿ ಅವಳ ಎಲೆಯ ಮುಂದೆ ಸೌಟು ಹಿಡಿದು ನಿಂತು, ಇನ್ನೂ ಹಾಕಲೇ ಎಂದು ಯಾರೂ ಕೇಳಿರಲಿಲ್ಲ. ಎಲ್ಲರದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕದಲ್ಲೇ ಕೂತು ಉಣ್ಣುವುದು ಅವಳ ಊಟ. ಈಗ ಕೇಳುತ್ತಿರುವವನು ಬಡಿಸುತ್ತಿರುವುದು ಅವಳದೇ ಪುಡಿಯ ಸಾರನ್ನು.

"ಹಾಕು" ಎಂದಳು.

ಇನ್ನೊಬ್ಬಳಿದ್ದಾಳೆಂದು ಅವಳು ಅನುಮಾನಪಟ್ಟದ್ದು ಸುಳ್ಳಾಗಲಿಲ್ಲ. ಇದ್ದಳು. ಎಪ್ಪತ್ತು ದಾಟಿದವಳು, ಮಡಿಯವಳು, ಕೈ ಉರಿಯದವಳು, ಹಾಲು ಕುಡಿಯುವ ಕೂಸಿಲ್ಲದವಳು, ಏನೂ ಕೇಳದವಳು. ಬೈರಣ್ಣ ಕಟ್ಟಿಕೊಂಡಿದ್ದ ಎರಡನೆಯವಳು ಅವಳೇ. ಹೊಗಳಿಕೆಯೆಲ್ಲ ಆ ಅಜ್ಜಿಗೆ ಹೋಗುತ್ತಿತ್ತು, ಊಟ ಅವನಿಗೆ.

ಬೈರಣ್ಣ ಕೈ ತೊಳೆದು, ಕಾಫಿ ಕುಡಿದು ಹೊರಟುಹೋಗುವವರೆಗೆ ಕಾದರು. ಗಲ್ಲಾದ ಹತ್ತಿರ ಕುಲ್ಸುಮ್ ಗಂಟು ಬಿಚ್ಚಿದಾಗ ಭಟ್ಟರು ವಾಡಿಕೆಯಂತೆ ಕೇಳಿದರು. "ಊಟ ಹೇಗಿತ್ತಮ್ಮ?"

"ಮೆಂತ್ಯ ಸೀದದೆ" ಎಂದಳು ಮುನಿಕೃಷ್ಣಮ್ಮ.

ಭಟ್ಟರು ಅವಳನ್ನೊಮ್ಮೆ ನೋಡಿದರು. "ಎಲ್ಲರೂ ಕಹಿ ಅಂದ್ರು. ಮೆಂತ್ಯ ಅಂತ ಹೇಳಿದ್ದು ನೀವೊಬ್ಬರೇ."

ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಅಲ್ಲೇ ಹೇಳಿಬಿಡಬಹುದಿತ್ತು, ನಾಲಗೆಯ ತುದಿಗೆ ಬಂದಿತ್ತು. ಆದರೆ ಈ ಲೆಕ್ಕ ಇರುವುದು ಭಟ್ಟರ ಜೊತೆಗಲ್ಲ ಅನ್ನಿಸಿತು. ಎದೆ ಕಟ್ಟಿ ರವಿಕೆ ಒದ್ದೆಯಾಗುತ್ತಿತ್ತು. ಕೂಸು ಕಾಯುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬೈರಣ್ಣ ಬಂದ. ಅವಳು ಮುದ್ದೆ ತಿರುವುತ್ತಿದ್ದಳು. ಕಾಲು ತೊಳೆದು ಒಳಗೆ ಬಂದವನು ಗೋಡೆಗೊರಗಿ ಕೂತು ಶುರುಮಾಡಿದ.

"ದಾರೀಲಿ ಅಕ್ಕ ಸಿಕ್ಕಿದ್ಲು. ಈ ಸಲ ಪುಡಿ ಕಹಿಯಂತೆ ಕಣಮ್ಮಿ. ಮೆಂತ್ಯಗಿಂತ್ಯ ಸೀದಿತ್ತಾ?"

"ಸೀದಿತ್ತು."

"ನೋಡ್ಕಂಡ್ ಮಾಡಬಾರ್ದಾ? ಅವಳಿಗ್ ಬೇಜಾರಾಗೈತೆ. ಗೌರಿ ಅಬ್ಬ ಬಂತಲ್ಲ, ಮುಂದಿನ ಸಲ ಆರು ಸೇರು ಬೇಕಂತೆ."

"ಕುಟ್ಟೋಳು ಎಲ್ಲವಳೆ?" ಎಂದಳು ಮುನಿಕೃಷ್ಣಮ್ಮ, ಕೋಲನ್ನು ಮುದ್ದೆಯೊಳಗೆ ತಿರುಗಿಸುತ್ತಲೇ. "ಸತ್ತೋದ್ಲಲ್ಲ."

"ಯಾರು?"

"ಅಜ್ಜಿ. ಯಲಹಂಕದ ಅಜ್ಜಿ. ದಿನಾ ಬೆಳಗ್ಗೆ ಒದ್ದೆ ಸೀರೆ ಉಟ್ಕಂಡು ಕುಟ್ತಿದ್ಲಲ್ಲ, ಶೀತ ಆಗಿ ಓದ್ಲು ಪಾಪ."

ಬೈರಣ್ಣನ ಬೆನ್ನು ಗೋಡೆಯಿಂದ ಮುಂದಕ್ಕೆ ಬಂತು. ಆಮೇಲೆ ಅವನು ದನಿ ಏರಿಸಿದ.

"ಯಶವಂತಪುರಕ್ಕೆ ಓಗಿದ್ಯಾ? ಯಾರನ್ ಕೇಳಿ ಓದೆ? ಓಟ್ಲೊಳಕ್ಕೆ ಓಗೋ ಎಂಗಸಾ ನೀನು?"

"ನಿನ್ ಎಲೆ ಪಕ್ಕದ್ದೇ ನನ್ ಎಲೆ. ಪರದೆ ಒಂದೇ ಅಡ್ಡ. ಎಲ್ಡ್ ಸಲ ಸಾರು ಹಾಕಿಸ್ಕಂಡೆ."

"ಮಾನ ಮರ್ಯಾದೆ ಅನ್ನಾದು..."

"ಅದನ್ ಆಮೇಲ್ ಮಾತಾಡಾನ. ಅಕ್ಕ ಮೊನ್ನೆ ಬಂದಿದ್ಲು. ಎಷ್ಟ್ ವರ್ಷ ಆಯ್ತೋ ನಿನ್ ಪುಡಿ ತಿಂದು, ಒಂದ್ ಪಾವು ಕೊಡೆ ಅಂದ್ಲು. ಕೊಟ್ ಕಳಿಸ್ದೆ."

ಏರಿದ ದನಿ ಅಲ್ಲೇ ಮುರಿಯಿತು. ಅವನು ಬೇರೆ ರಾಗ ಹಿಡಿದ. ತಪ್ಪೇನು ಮಾಡಿದೆ ಎಂದು ಕೇಳಿದ. ಒಕ್ಕಲಿಗರ ಮನೆಯಲ್ಲಿ ಕುಟ್ಟಿದ್ದೆಂದರೆ ಭಟ್ಟರು ಮುಟ್ಟುತ್ತಿದ್ದರೇ ಎಂದ. ಗೂಡ್ಸ್ ಶೆಡ್ಡಿನಲ್ಲಿ ಬೆನ್ನು ಮುರಿಯುವ ಗಂಡಸು ಮಧ್ಯಾಹ್ನ ಒಂದು ಹೊತ್ತು ಬಿಸಿ ಅನ್ನ ಉಂಡರೆ ಮನೆಗೇನು ನಷ್ಟ ಎಂದ. "ಎಂಗಿದ್ರೂ ಮನೇಗ್ ಅಂತ ಕುಟ್ತೀಯ. ಅದರ ಜೊತೆಗೆ ಎಲ್ಡ್ ಸೇರು ಜಾಸ್ತಿ, ಅಷ್ಟೇಯ."

ಅವಳು ಅಂಗೈ ಬಿಡಿಸಿ ತನ್ನ ಮುಂದೆ ಹಿಡಿದುಕೊಂಡಳು, ಅವನಿಗೆ ತೋರಿಸಲಿಲ್ಲ. "ಒನಕೆ ಅಲ್ಲೇ ಅದೆ. ಅಷ್ಟೇಯ ಅಂದ್ಯಲ್ಲ, ಕುಟ್ಕೋ" ಎಂದಳು. ಆಮೇಲೆ ಅವನ ತಟ್ಟೆಗೆ ಮುದ್ದೆ ಇಟ್ಟು, ಅದೇ ಪುಡಿಯ ಸಾರು ಬಿಟ್ಟಳು. ಅವನು ಕಹಿ ಎನ್ನದೆ ಉಂಡ.

ಭಾನುವಾರ ಹಿತ್ತಲ ಬಾಗಿಲು ಹಾಕಿಕೊಂಡು ಬೈರಣ್ಣ 'ಅಷ್ಟೇಯ'ವನ್ನು ಕುಟ್ಟಲು ನಿಂತ. ಗೂಡ್ಸ್ ಶೆಡ್ಡಿನಲ್ಲಿ ಎರಡು ಪಲ್ಲದ ಮೂಟೆ ಹೊರುವವನು ಒಂದು ಸೇರು ಮೆಣಸಿನಕಾಯಿಗೆ ಸೀನಿ, ಕೆಮ್ಮಿ, ಕಣ್ಣುಜ್ಜಿಕೊಂಡು ಇನ್ನಷ್ಟು ಉರಿಸಿಕೊಂಡು, ಒಂದು ಗಳಿಗೆಯಲ್ಲಿ ಒರಳಿನ ಪಕ್ಕ ಕೂತುಬಿಟ್ಟ. ಗೋಡೆಯಾಚೆಯಿಂದ ಅಕ್ಬರ್ ಪಾಷಾ, "ಏನ್ ಬೈರಣ್ಣ, ಮಡಿ ಜೋರಾ?" ಎಂದ. ಕುಟ್ಟಿದಷ್ಟನ್ನು ಬೈರಣ್ಣ ಸೋಮವಾರ ಭಟ್ಟರಿಗೆ ಒಯ್ದ. ಭಟ್ಟರು ಮೂಸಿ ನೋಡಿ ಡಬ್ಬ ಹಿಂದಕ್ಕೆ ಕೊಟ್ಟರು. ಬೇರೆ ದಾರಿ ಕಾಣದೆ ಬೈರಣ್ಣ ಅಜ್ಜಿ ಹೋಗಿಬಿಟ್ಟರೆಂದು ಹೇಳಿದ.

ಅದರಿಂದ ಆದದ್ದನ್ನು ಅವನು ನಿರೀಕ್ಷಿಸಿರಲಿಲ್ಲ. ಭಟ್ಟರ ಕಣ್ಣು ಒದ್ದೆಯಾಯಿತು. ಏನೂ ತೆಗೆದುಕೊಳ್ಳದೆ ಕುಟ್ಟಿಕೊಟ್ಟ ಜೀವ ಅದು, ಅನ್ನದ ಋಣ ದೊಡ್ಡದು ಎಂದರು. ಹದಿಮೂರನೇ ದಿನದ ಊಟಕ್ಕೆಂದು ಅಕ್ಕಿ, ತೊಗರಿಬೇಳೆ, ಬೆಲ್ಲ, ಶಾವಿಗೆ, ಒಂದು ತಂಬಿಗೆ ತುಪ್ಪ ಕಟ್ಟಿಸಿ, ಅಜ್ಜಿಯ ಮನೆಗೆ ತಲುಪಿಸೆಂದು ಬೈರಣ್ಣನ ತಲೆಯ ಮೇಲೇ ಹೊರಿಸಿದರು. ಅವನು ಎಲ್ಲಿಗೆ ತಲುಪಿಸಬೇಕು? ಮನೆಗೇ ತಂದ.

ಮುನಿಕೃಷ್ಣಮ್ಮ ಗಂಟು ಬಿಚ್ಚಿ, ತುಪ್ಪವನ್ನು ಮೂಸಿ, ಬೇಳೆಯನ್ನು ಕೈಯಲ್ಲಾಡಿಸಿ ನೋಡಿದಳು. ಮೋಸವಿರಲಿಲ್ಲ, ಒಳ್ಳೆಯ ಮಾಲು. "ಸತ್ತೋಳಿಗ್ ಬಂದಿದ್ದು, ಸತ್ತೋಳೇ ಉಣ್ಬೇಕು" ಎಂದಳು.

ಹದಿಮೂರನೇ ದಿನಕ್ಕೆ ಕಾಯದೆ, ಮಾರನೆಯ ದಿನವೇ ಗಂಡನನ್ನು ಮನೆಯಲ್ಲಿ ನಿಲ್ಲಿಸಿಕೊಂಡು ಪಾಯಸ ಅವಳು ಮಾಡಿದಳು. ಸಾರಿಗೆ ಮಾತ್ರ ಕೈ ಹಾಕಲಿಲ್ಲ. ಸಾರು ಬೈರಣ್ಣನದು, ಭಟ್ಟರು ತಿರುಗಿಸಿದ ಅವನದೇ ಪುಡಿಯದು. ಮಧ್ಯಾಹ್ನ ಎರಡು ಎಲೆ ಮೊದಲು ಹಾಕಿಸಿದಳು, ತನಗೊಂದು, ಕುಲ್ಸುಮಳಿಗೊಂದು. ಮಕ್ಕಳಿಗೆ ಪಕ್ಕದಲ್ಲಿ. ಅಕ್ಬರ್ ಪಾಷಾ ಜಟಕಾ ನಿಲ್ಲಿಸಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೈಗಳನ್ನು ಇನ್ನೂ ಮಜ್ಜಿಗೆಯಲ್ಲಿ ಅದ್ದಿಡುತ್ತಿದ್ದ ಬೈರಣ್ಣ, ಬೆರಳ ತುದಿಯಲ್ಲಿ ಸೌಟು ಹಿಡಿದು ಬಂದ.

"ಸಾರು ಹಾಕ್ಲಾ?"

"ಹಾಕು."

ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮೆಲ್ಲಗೆ ಅಗಿದಳು. ಕಣ್ಣು ಸಣ್ಣಗೆ ಮಾಡಿ ಅವನ ಮುಖ ನೋಡಿದಳು.

"ಎಲ್ಲಾನೂ ಹಾಕಿದ್ಯಾ?"

"ನೀನ್ ಹಾಕಾದೆಲ್ಲಾನೂ ಹಾಕಿವ್ನಿ. ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ಮೆಂತ್ಯ... ಯಾಕೆ? ಏನಾರ ಕಮ್ಮಿಯಾ?"

ಕುಲ್ಸುಮ್ ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತ ನಗು ತಡೆದುಕೊಂಡಳು. ಹುರುಳಿಯ ಮಡಕೆ ಅವನ ತಲೆಯ ಮೇಲಿನ ಅಟ್ಟದಲ್ಲೇ ಇತ್ತು.

"ಏನೂ ಕಮ್ಮಿಯಿಲ್ಲ" ಎಂದಳು ಮುನಿಕೃಷ್ಣಮ್ಮ. "ತುಪ್ಪ ಬಡಿಸು."